ಸಪ್ಪಳಿಲ್ಲದ ರೊಟ್ಟಿ

ತಿಂಗಳಿಗೊಮ್ಮೆ, ಮಂಗಳವಾರ ಮುಂಜಾನೆ,
ಖಾನಾವಳಿ ಕಾಶೀಬಾಯಿ ಮಗಳ ಕೈ ಹಿಡಕೊಂಡು ಬರತಾಳ
ಬಾಗಲಕೋಟಿ ನವನಗರದ ನಮ್ಮ ಲ್ಯಾಬಿಗೆ.
ಏಳು ವರ್ಷದ ದಾನವ್ವ ತಾನಽ ತೋಳ ಚಾಚತಾಳ:
‘ಮೈಬೂಬಣ್ಣ, ಎಡಗೈಯಾನ ನರ ಚಲೋ ಸಿಗತೈತಿ.’
ಉಸಿರಿಗೆ ಅತೀ ಹಣ್ಣಾದ ಪ್ಯಾರಲದ ವಾಸನಿ.

ದಿನಕ್ಕ ಒಂಬತ್ತು ಸಲ ಮೂರ್ಛೆ ಬರತಿತ್ತು ಈ ಕೂಸಿಗೆ.
ಗುಳಿಗಿ ಸೋತ ಮ್ಯಾಲೆ ಹುಬ್ಬಳ್ಳಿ ಡಾಕ್ಟರು
ಊಟಾನಽ ಔಷಧ ಅಂತ ಚೀಟಿಗೆ ಬರದರು:
ಬೆಣ್ಣಿ, ಕೊಬ್ಬರೆಣ್ಣಿ, ಪನೀರು, ಎಲ್ಲಾ ಗ್ರಾಮಿನ ಲೆಕ್ಕ.
ರೊಟ್ಟಿ ಇಲ್ಲ. ಬೆಲ್ಲ ಇಲ್ಲ. ಬಾಳಿಹಣ್ಣಿನ ಚೂರೂ ಇಲ್ಲ.
ಪತ್ತಾರ ಮಾನಪ್ಪನ ಹಳೇ ತಕ್ಕಡಿ
ಈಗ ಬೆಣ್ಣಿ ತೂಗತೈತಿ.

ಒಳಗ ಏನಾಗತೈತಿ, ಅಂತ ಕೇಳಿದಳು ಕಾಶೀಬಾಯಿ.
ಹಿನ್ನೀರು ಏರಿದಾಗ ನಮ್ಮ ಹಳೇ ಊರು ನೆನಪೈತಲ್ಲ, ಅಂದೆ.
ಒಂದೊಂದಽ ಅಂಗಡಿ ಬಾಗಲಾ ಹಾಕಿದುವು,
ಇಲ್ಲಿ ಸೆಕ್ಟರಿನಾಗ ಬ್ಯಾರೆ ಬೋರ್ಡು ಎದ್ದುವು.
ಯಕೃತ್ತಿನಾಗೂ ಹಂಗಽ:
ಸಕ್ಕರಿ ಹಿಡದು ಕೊಬ್ಬು ಕಟ್ಟೋ ಕಿಣ್ವಗಳ ವ್ಯಾಪಾರ ಮಂದ,
ಕೊಬ್ಬು ಸೀಳೋ ಕಿಣ್ವಗಳಿಗೆ ಹೊಸ ಲೈಸನ್ಸು.
ದಫ್ತರ ಅದಽ ಐತಿ,
ತಗದ ಪುಟ ಬ್ಯಾರೆ.

ಆ ಪುಟ ನನ್ನ ಯಂತ್ರಕ್ಕ ಕಾಣೂದಿಲ್ಲ.
ಕೋಶದಿಂದ ರಕ್ತಕ್ಕ ಸೋರಿದ್ದನ್ನಷ್ಟಽ ಅದು ಎಣಿಸತೈತಿ.
ಎಸ್‌ಜಿಪಿಟಿ ಹೋದ ತಿಂಗಳ ಅರವತ್ತೊಂದು,
ಈ ತಿಂಗಳ ನಲವತ್ನಾಕು.
ಇಳದೈತಿ, ಅಂದೆ. ಯಾಕ, ಅಂದಳು.
ಗೊತ್ತಿಲ್ಲ ಅಂತ ಬರಿಯಾಕ
ರಿಪೋರ್ಟಿನಾಗ ಕಾಲಮ್ಮು ಇಲ್ಲ.

ಇನ್ನೊಂದು ಮಾತು ಬಾಯಿಗೆ ಬಂತು:
ಕೊಬ್ಬಿನಿಂದ ಕೀಟೋನು ಬೇಯಿಸಿ
ಮಿದುಳಿಗೆ, ಎದಿಗೆ, ಕೈಕಾಲಿಗೆ ಬಡಸೂದು ಯಕೃತ್ತು.
ತನಗ ಮಾತ್ರ ಅದರಾಗಿನ ಒಂದು ತುತ್ತೂ ದಕ್ಕೂದಿಲ್ಲ,
ಅದನ್ನ ಅರಗಿಸೋ ಕಿಣ್ವ ಅದರ ಹಂತ್ಯಾಕಽ ಇಲ್ಲ.
ನಿನ್ನಂಗ ನೋಡಬೇ, ಅಂದೆ,
ದಿನಾ ಇನ್ನೂರು ರೊಟ್ಟಿ ಬಡದು…

ಕಾಶೀಬಾಯಿ ನಕ್ಕಳು.
‘ಯಾರು ಹೇಳಿದ್ರೋ ತಮ್ಮಾ? ನಾ ಉಣ್ಣತೇನಿ.
ಕೂಸು ಮಕ್ಕೊಂಡ ಮ್ಯಾಲೆ, ಹಿತ್ತಲ ಬಾಗಲದಾಗ ಕುಂತು.
ಕಟಕ ರೊಟ್ಟಿ ಮುರದರ ಸಪ್ಪಳಕ್ಕ ಎಚ್ಚರಾದಾಳಂತ
ಮೊದಲಽ ನೀರಾಗ ತೋಯಿಸಿ ಇಡತೇನಿ.’

ತೋಳಿಗೆ ಹತ್ತಿ ಒತ್ತಿ ಹಿಡಕೊಂಡು,
ಗ್ವಾಡಿ ಮ್ಯಾಲಿನ ಕ್ಯಾಲೆಂಡರಿನಾಗ
ಮೂರ್ಛೆ ಬರದ ದಿನ ಎಣಿಸಿಕೋತ ದಾನವ್ವ ಅಂದಳು:
‘ನನಗ ಗೊತ್ತೈತಿ.
ತೋಯಿಸಿದ ರೊಟ್ಟಿ ವಾಸನಿ ಬ್ಯಾರೆ ಇರತೈತಿ.’