ಪಾಳಿ

ದುರ್ಗಿಗುಡಿಯ ಲ್ಯಾಬಿನ ಮಹಡಿಯಲ್ಲಿ
ಹಿಂದೆ ಎಕ್ಸ್‌ರೇ ತೊಳೆಯುತ್ತಿದ್ದ ಕತ್ತಲಕೋಣೆ.
ಕೆಂಪು ಬಲ್ಬು ಹೋಲ್ಡರಿನಲ್ಲಿ ಇನ್ನೂ ಇದೆ, ಉರಿಯುವುದಿಲ್ಲ.
ಅದರ ಕೆಳಗೆ ಈಗ ಸರ್ವರ್.
ಪಕ್ಕದಲ್ಲಿ ಸ್ಟೂಲು. ಸ್ಟೂಲಿನ ಮೇಲೆ ನಾನು.

ಕೆಳಗೆ ಕೌಂಟರಿನಲ್ಲಿ ಕುಸುಮಾವತಿ ಗುಂಡಿ ಒತ್ತುತ್ತಾಳೆ,
‘ಸ್ವೀಕರಿಸಲಾಗಿದೆ’ ಎನ್ನುತ್ತದೆ ಪರದೆ, ಎವೆ ಬಡಿಯುವಷ್ಟರಲ್ಲಿ.
ಯಾರು ಸ್ವೀಕರಿಸಿದರು? ಯಾರೂ ಇಲ್ಲ.
ಹೋಟೆಲಿನವನು ‘ಬಂತು ಬಂತು’ ಅನ್ನುತ್ತಾನಲ್ಲ,
ಕಾವಲಿಗೆ ಇನ್ನೂ ನೀರು ಚಿಮುಕಿಸಿರುವುದಿಲ್ಲ, ಹಾಗೆ.
ಚೀಟಿ ಮಾತ್ರ ಮೊಳೆಗೆ ಬಿದ್ದಿದೆ.

ನಮ್ಮಲ್ಲಿ ಪಾಳಿ ಅಂದರೆ ಸಾಲು,
ಪಾಳಿ ಅಂದರೆ ಸರದಿ, ಪಾಳಿ ಅಂದರೆ ರಾತ್ರಿಯ ದುಡಿಮೆ.
ಮೂರಕ್ಕೂ ಸೇರಿ ನನಗೆ ಒಂದೇ ಸಂಬಳ.

ನಾಲ್ಕು ವರ್ಕರ್‌ಗಳು. ಕೈಯಿಲ್ಲ, ಕಾಲಿಲ್ಲ.
ನನಗಿಂತ ಮೊದಲಿದ್ದ ಹುಡುಗ ಹೆಸರಿಟ್ಟಿದ್ದ:
ತುಂಗಾ, ಭದ್ರಾ, ಶರಾವತಿ, ಕುಮುದ್ವತಿ.
ಬಂದ ವಾರವೇ ಅಳಿಸಿ ಒಂದು ಎರಡು ಮೂರು ನಾಲ್ಕು ಮಾಡಿದೆ.
‘ಭದ್ರಾ ಸತ್ತಿದೆ, ಎಬ್ಬಿಸಲಾ?’ ಎಂದು
ಮಧ್ಯರಾತ್ರಿ ಫೋನಿನಲ್ಲಿ ಕೇಳಲು ನಾಲಿಗೆ ಏಳಲಿಲ್ಲ.

ಒಂದೊಂದೂ ಒಂದೊಂದು ಚೀಟಿ ಕಿತ್ತುಕೊಳ್ಳುತ್ತದೆ:
ರಕ್ತದ ಲೆಕ್ಕ ಕೂಡಿಸು, ಪಿಡಿಎಫ್ ಮಾಡು,
ಮೆಸೇಜು ಕಳಿಸು, ಡಾಕ್ಟರಿಗೊಂದು ಪ್ರತಿ.
ಮೂರನೆಯದು ಆಗಾಗ ಮೆಮೊರಿ ಕುಡಿದು ಕುಡಿದು ನಡುವೆಯೇ ಕುಸಿಯುತ್ತದೆ.
ಹಿಡಿದಿದ್ದ ಚೀಟಿ ಮತ್ತೆ ಸಾಲಿಗೆ. ಇನ್ನೊಂದು ಅದನ್ನೆತ್ತಿ ಮೊದಲಿಂದ ಶುರು.
ಆದ್ದರಿಂದ ಎರಡು ಸಲ ಮಾಡಿದರೂ
ಒಮ್ಮೆ ಮಾಡಿದಂತೆಯೇ ಇರಬೇಕು ಕೆಲಸ;
ಸಾರಿಗೆ ಉಪ್ಪು ಹಾಕಿದಂತಲ್ಲ,
ಬಾಗಿಲಿಗೆ ಚಿಲಕ ಹಾಕಿದಂತೆ.
ಇದನ್ನು ಕಲಿಯುವ ಮೊದಲು ಗೋಪಾಳದ ಒಬ್ಬ ಹೆಂಗಸಿಗೆ
‘ನಿಮ್ಮ ವರದಿ ಸಿದ್ಧ’ ಹನ್ನೊಂದು ಸಲ ಹೋಗಿ
ಆಕೆ ಹೆದರಿ ಆಟೊ ಹಿಡಿದು ಬಂದಿದ್ದರು.
ಕಾಲಲ್ಲಿ ಚಪ್ಪಲಿ ಇರಲಿಲ್ಲ.
ಹಿಮೋಗ್ಲೋಬಿನ್ ಹನ್ನೆರಡೂವರೆ. ಏನೂ ಆಗಿರಲಿಲ್ಲ.

ಇವತ್ತು ಬೆಳಗಿನ ಜಾವ ಮೂರೂಕಾಲು. ಸಾಲು ಸೊನ್ನೆ.
ಕೈ ಖಾಲಿಯಿದ್ದುದಕ್ಕೆ, ಮೂರು ವಾರದಿಂದ ಮುಟ್ಟದ
ಸತ್ತ ಚೀಟಿಗಳ ಪೆಟ್ಟಿಗೆ ತೆರೆದೆ. ಒಂದೇ ಒಂದು.
ಹುಚ್ಚರಾಯಪ್ಪ, ಐವತ್ತೆಂಟು, ಸಕ್ಕರೆ ಪರೀಕ್ಷೆ.
ಮೊಬೈಲು: ಒಂಬತ್ತು ಅಂಕಿ.

ಮೊದಲು ಹದಿನೈದು ಸೆಕೆಂಡಿಗೆ ಯತ್ನಿಸಿದೆ, ಆಮೇಲೆ ನಿಮಿಷಕ್ಕೆ,
ಗಂಟೆಗೆ, ದಿನಕ್ಕೆ.
ಕೊಟ್ಟ ಸಾಲ ಕೇಳಲು ನಾಚುವವನು
ಬಾಗಿಲ ತನಕ ಬಂದು ತಿರುಗಿ, ಮುಂದಿನ ಸಲ
ಇನ್ನಷ್ಟು ತಡಮಾಡಿ ಬರುತ್ತಾನಲ್ಲ, ಹಾಗೆ.
ಇಪ್ಪತ್ತೈದು ಸಲ. ಇಪ್ಪತ್ತೊಂದು ದಿನ.
ಸಕ್ಕರೆ ಮುನ್ನೂರ ಹತ್ತು.
ಆಮೇಲೆ ಸ್ಟೂಲಿನ ಮೇಲೆ ಕೂರಲಾಗಲಿಲ್ಲ.

ಆರೂವರೆಗೆ ಕುಸುಮಾವತಿ ಬೀಗ ತೆಗೆದಳು. ಕೇಳಿದೆ.
‘ಬ್ಯಾಂಡ್‌ಸೆಟ್ಟಿನ ಹುಚ್ಚರಾಯಪ್ಪೋರಾ?
ಮೂರನೇ ದಿನವೇ ಬಂದು ಕಾಗದ ತಗೊಂಡು ಹೋದ್ರಲ್ಲ!
ಒಂದು ಅಂಕಿ ನೆನಪಿಲ್ಲ, ಮಗಳನ್ನ ಕೇಳಿ ಹೇಳ್ತೀನಿ ಅಂದಿದ್ರು.
ಮೆಸೇಜ್ ಬರಲಿಲ್ವಾ ಅಂದ್ರೆ,
ದಾರೀಲೇ ಇತ್ತು, ಬಂದೆ, ಅಂದ್ರು.’
ರಿಜಿಸ್ಟರು ತಿರುಗಿಸಿ ತೋರಿಸಿದಳು. ಸಹಿ. ಸಹಿಯ ಪಕ್ಕ
ಕ್ಲಾರಿನೆಟ್ಟಿನ ತೂತು ಮುಚ್ಚುವ ಬೆರಳಿನಷ್ಟು
ದುಂಡಗೆ ಒಂದು ಶಾಯಿ ಕಲೆ.

ಹದಿನೆಂಟು ದಿನ,
ಆಗಲೇ ಬಂದು ಹೋದವನನ್ನು ಹುಡುಕಿಕೊಂಡು
ನಾಲ್ವರೂ ಕತ್ತಲಲ್ಲಿ ಓಡುತ್ತಲೇ ಇದ್ದರು.

ಮಹಡಿ ಹತ್ತಿದೆ.
ಅಳಿಸಲೇ? ಎಂದಿತು. ಖಚಿತವೇ? ಎಂದಿತು.
ಹೌದು ಮಾರಾಯ, ಹೌದು.

ಫಾರಮ್ಮಿನಲ್ಲಿ ಹತ್ತು ಅಂಕಿ ತುಂಬದೆ
ಮುಂದಕ್ಕೆ ಬಿಡದ ಹಾಗೆ ತಿದ್ದಬೇಕು.
ಅದನ್ನೂ ಪಾಳಿಗೆ ಹಾಕಿದ್ದೇನೆ.