ನಮೂನೆ

ಡಾಕ್ಟರು ನಾಡಿ ಹಿಡಿಯುವ ಮುಂಚೆ
ಮೂವತ್ತೆರಡು ಪ್ರಶ್ನೆ ಕೇಳುವುದು ನನ್ನ ಕೆಲಸ.
ಪ್ರಶ್ನೆಗೆ ಮೂರು ಚೌಕ,
ಕೊನೆಗೆ ಕೂಡಿಸಿ ಮೇಲೆ ಬರೆಯಬೇಕು:
ವಾತ, ಪಿತ್ತ, ಕಫ.
ಎರಡು ಸಮ ಬಂದರೆ ನಡುವೆ ಅಡ್ಡಗೆರೆ ಎಳೆಯಬಹುದು.
ಮೂರೂ ಸಮ ಬಂದರೆ ಇನ್ನೊಂದು ಸಲ ಕೇಳಬೇಕು,
ಅಂಥವರು ಅಪರೂಪವಂತೆ,
ಇದ್ದರೂ ಮೈಸೂರಿನ ಈ ಕಿಟಕಿಗೆ ಬರುವುದಿಲ್ಲವಂತೆ.

ಮೊನ್ನೆ ಬಂದಾಕೆ ಮೆಹರಾಜ್ ಬೀ,
ರಾಜೀವನಗರ, ವಯಸ್ಸು ಐವತ್ತೊಂದು.
ಚರ್ಮ? ಒರಟು, ಬಿರುಕು. ವಾತಕ್ಕೊಂದು.
ಬಣ್ಣ? ಪೆನ್ಸಿಲು ನಿಂತಿತು.
ಇಪ್ಪತ್ತೆಂಟು ವರ್ಷ ಊದುಬತ್ತಿ ಹೊಸೆದ ಅಂಗೈ,
ಇದ್ದಿಲು ಗೆರೆಗೆರೆಗೂ ಇಳಿದು
ಭವಿಷ್ಯವನ್ನೇ ಅಚ್ಚು ಹಾಕಿದ ಹಾಗಿತ್ತು.
ಹುಟ್ಟಿದ ಬಣ್ಣವಾ, ಹೊಸೆದ ಬಣ್ಣವಾ?
ನಿದ್ದೆ?
"ಸಾವಿರ ಕಡ್ಡಿ ಮುಗಿದ ಮೇಲೆ."
ಇಷ್ಟವಾದ ರುಚಿ?
ಸಿಹಿ, ಹುಳಿ, ಖಾರ, ನಾನೇ ಎತ್ತಿಕೊಟ್ಟೆ.
ಅವಳು ಯೋಚಿಸಿದಳು.
ಯಾರೋ ಮೊದಲ ಸಲ ಕೇಳಿದ ಹಾಗೆ, ನಿಜಕ್ಕೂ ಯೋಚಿಸಿದಳು.
"ಮಿಕ್ಕಿದ್ದು," ಅಂದಳು.
ಅದಕ್ಕೆ ಚೌಕವಿರಲಿಲ್ಲ.
ಕಫಕ್ಕೆ ಹಾಕಿದೆ. ಯಾಕೆ ಅಂತ ಕೇಳಬೇಡಿ.

ಪದ್ಮರಾಜಯ್ಯ ಡಾಕ್ಟರು ಹಳಬರು.
"ದೇಶ ನೋಡು, ಕಾಲ ನೋಡು, ವಯಸ್ಸು, ಬಲ, ಅಭ್ಯಾಸ ನೋಡು,
ಶಾಸ್ತ್ರದಲ್ಲಿ ಇರೋದು ಹಾಗೆ ಕಣಮ್ಮ.
ನಮೂನೆ ಮಾಡಿದೋರು ಕಾಗದದ ಅಳತೆ ನೋಡಿದರು."
ಹಾಗಂದು ನನ್ನ ಕೂಡಿಕೆ ನೋಡಿಯೇ ಚೂರ್ಣ ಬರೆದರು.
ಹೊರಗೆ ಎಪ್ಪತ್ತು ಜನ ಕೂತಿದ್ದರು, ಪಾಪ ಅವರೇನು ಮಾಡಿಯಾರು.

ಬುಧವಾರ ಗೋಕುಲಂನಿಂದ ಹ್ಯೇರಿಮ್ ಬರುತ್ತಾಳೆ,
ಕೊರಿಯಾದವಳು,
ಯೋಗ ಕಲಿಯಲು ಬಂದು ಮಂಡಿ ಕೆಡಿಸಿಕೊಂಡವಳು.
ನಮೂನೆ ನೋಡಿ ನಕ್ಕಳು. ಅವರಲ್ಲಿ ನಾಲ್ಕಂತೆ:
ತೇಯಾಂಗ್, ಸೋಯಾಂಗ್, ತೇಉಮ್, ಸೋಉಮ್.
ಅವಳು ಹೇಳಿದಂತೆಲ್ಲ ನಾನು ಬೆರಳು ಮಡಚಿದೆ,
ಒಂದು ಉಳಿಯಿತು.
ಅವಳ ಊರಲ್ಲಿ ಒಬ್ಬ ವೈದ್ಯ ನಿನ್ನದು ತಣ್ಣನೆ ಮೈ, ಶುಂಠಿ ತಿನ್ನು ಅಂದ,
ಎರಡು ಬೀದಿ ಆಚೆಯವನು
ಬಿಸಿ ಮೈ, ಶುಂಠಿ ಮುಟ್ಟಬೇಡ ಅಂದ.
"ಅದೇ ವಾರ. ಅದೇ ನಾನು."
ಅದೇ ನಾನು ಅನ್ನುವಾಗ ಎದೆ ಮುಟ್ಟಿಕೊಂಡಳು, ಖಾತ್ರಿಗೆ.

ಅವಳ ಅಜ್ಜಿಗೆ ಮೂವತ್ತೈದಕ್ಕೇ ಚೀಟಿ ಬಿದ್ದಿತ್ತು: ತಣ್ಣನೆ ಮೈ.
ಐಸು ತೇಲುವ ಸಾರಿನ ಶಾವಿಗೆ ಅಂದರೆ ಪ್ರಾಣ,
ನಲವತ್ತು ಬೇಸಿಗೆ
ಮನೆಗೆಲ್ಲ ಬಡಿಸಿ ತಾನು ಬಿಸಿನೀರು ಕುಡಿದಳು.
ಕಣ್ಣು ಮುಚ್ಚುವ ತಿಂಗಳು ಬೇರೊಬ್ಬ ವೈದ್ಯ ಬಂದು
ಇವರು ಅದಲ್ಲವಲ್ಲ, ಅಂದ.
ಈಗ ವರ್ಷಕ್ಕೊಮ್ಮೆ, ಸತ್ತ ದಿನ,
ಆ ಶಾವಿಗೆಯನ್ನೇ ಫೋಟೋ ಮುಂದೆ ಇಡುತ್ತಾರೆ.
ನಮ್ಮಲ್ಲಿ ಅದಕ್ಕೆ ಎಡೆ ಅಂತೀವಿ, ಅಂದೆ.
ಎಡೆ, ಎಡೆ, ಎಡೆ. ಮೂರು ಸಲ ಹೇಳಿ ಕಲಿತಳು.
ಅಷ್ಟರಲ್ಲಿ ಐಸು ಕರಗಿ ಹೋಗಿರುತ್ತೆ, ಅಂದಳು.

ಕೆಲಸಕ್ಕೆ ಸೇರಿದ ದಿನ ನಾನೂ ಒಂದು ತುಂಬಿದ್ದೆ, ಪಿತ್ತ.
ಮುಟ್ಟು ನಿಂತ ವರ್ಷ ಇನ್ನೊಂದು, ವಾತ.
ಕೈಬರಹ ಒಂದೇ.
ಎರಡೂ ಡ್ರಾಯರಿನಲ್ಲಿವೆ, ಒಂದೇ ಗುಂಡುಸೂಜಿಗೆ,
ಹೊಂದಿಕೊಂಡು ಬಾಳುವ ವಾರಗಿತ್ತಿಯರಂತೆ.

ಒಂದು ಗಂಟೆಗೆ ಕಿಟಕಿ ಮುಚ್ಚಿದೆ.
ಹ್ಯೇರಿಮ್‌ನ ಕಾಗದ ಹದಿನೇಳಕ್ಕೇ ನಿಂತಿತ್ತು.
ಗೇಟಿನ ಬಳಿ ಮಂಡ್ಯದ ಕಬ್ಬು, ಗಾಣದ ಗೆಜ್ಜೆ,
ಜಲ್ಲೆಯನ್ನು ಎರಡನೇ ಸಲ ಮಡಚಿ ಹಾಕುತ್ತಾ ಹುಡುಗ ಕೇಳಿದ:
"ಐಸ್ ಹಾಕಲಾ, ಬೇಡ್ವಾ?"
ಅವಳು ನನ್ನ ಮುಖ ನೋಡಿದಳು.
ನಾನು ರಸ್ತೆ ನೋಡಿದೆ.
ಗಾಣ ಇನ್ನೂ ಒಂದು ಸುತ್ತು ತಿರುಗಿತು.
"ಅರ್ಧ," ಅಂದಳು,
ಆ ಪದ ಯಾವಾಗ ಕಲಿತಳೋ.