ಮನೆವಾರ್ತೆಯವನು

ಸೊಹಾರಿನ ಬಂದರಿನಲ್ಲಿ ನಾನು ಟೈಮ್‌ಕೀಪರ್.
ಇನ್ನೂರ ಹದಿನೆಂಟು ಜನರ ಗಂಟೆಗಳು
ನನ್ನ ನೀಲಿ ಪೆನ್ನಿನ ತುದಿಯಲ್ಲಿ.
ಆರು ದಾಟಿ ಐದು ನಿಮಿಷವಾದರೆ
ಅರ್ಧ ಗಂಟೆ ಕಡಿತ. ಅದು ರೂಲು,
ನಾನು ಮಾಡಿದ್ದಲ್ಲ.

ಶುಕ್ರವಾರ ಆರಾಧನೆ.
ಸಂಬಳದ ಹತ್ತನೆಯ ಪಾಲು, ಒಂದು ಬೈಸಾ ತಪ್ಪದೆ,
ಲಕೋಟೆಯೊಳಗೆ. ಕೀರ್ತನೆಗೆ ತಬಲವೂ ನನ್ನದೇ.
"ತಲಾಂತು ಹೂತಿಟ್ಟವನಲ್ಲ ನಮ್ಮ ಸಾಲಿನ್ಸ್,
ಹೂಳುವುದಕ್ಕೆ ಇಲ್ಲಿ ಮರಳಿಗೇನು ಬರವೇ?"
ಉಪದೇಶಿ ಕರ್ಕಡ ನಕ್ಕರು.
ನಾನೂ ನಕ್ಕೆ.

ಮೊನ್ನೆ ಬಸ್ಸು ಕೆಟ್ಟಿತು.
ಜೂನ್ ಬಿಸಿಲಿನಲ್ಲಿ ನಡೆದೇ ಬಂದರು.
ಹೆಲ್ಮೆಟ್ಟಿನಿಂದ ಬೆವರು ರಿಜಿಸ್ಟರಿಗೆ ತೊಟ್ಟಿಕ್ಕಿ
ತೇಜ್ ಬಹಾದೂರನ ಹೆಸರು ಕದಡಿತು.
ಆರು ಹನ್ನೊಂದು.
ರೂಢಿಯಂತೆ ಪೆನ್ನು ಅರ್ಧ ಗಂಟೆ ನುಂಗಿತು.
ಅವನು ಏನೂ ಕೇಳಲಿಲ್ಲ,
ಬೆರಳು ಮಡಚಿ ಏನೋ ಎಣಿಸಿದ.

ಗುರುವಾರ ರಾತ್ರಿ ಲಕೋಟೆಗೆ ನೋಟು ಎಣಿಸುವಾಗ
ನನ್ನ ಬೆರಳೂ ಹಾಗೇ ಮಡಚಿದ್ದು ಕಂಡೆ.
ಹತ್ತನೆಯ ಪಾಲು ಸರಿಯಿತ್ತು.
ಲೆಕ್ಕ ಕೇಳಿದಾಗ
ಒಂಬತ್ತು ವರ್ಷದ ಅರ್ಧ ಗಂಟೆಗಳನ್ನು
ಯಾವ ಕಾಲಮ್ಮಿನಲ್ಲಿ ತೋರಿಸಲಿ?

ಮರುದಿನ ಆರಾಧನೆಗೆ ಮೊದಲು ಆಫೀಸಿಗೆ ಹೋದೆ.
ಲಕೋಟೆ ಕಿಸೆಯಲ್ಲೇ ಇತ್ತು.
ಕಡಿತಗಳನ್ನೆಲ್ಲ ಹೊಡೆದುಹಾಕಿ
'ಬಸ್ಸು ಕೆಟ್ಟಿತ್ತು' ಎಂದು ಬರೆದೆ,
ಕೆಳಗೆ ಸಹಿ.
ಅಕ್ಷರ ದುಂಡಗೆ ಬರಲಿಲ್ಲ.